ಗೋಡೆಯಾಚೆಯ ಬ್ರಾಡ್ನಾಕ್ಸ್

ಆಲ್ವಿನ್ ಬ್ರಾಡ್ನಾಕ್ಸ್ ನಮಗೆ ಮೊದಲು ಪರಿಚಯವಾದದ್ದು ಸದ್ದಾಗಿ, ಆಮೇಲೆ ಮನುಷ್ಯರಾಗಿ. ವಾಷಿಂಗ್ಟನ್ನಿನ ಪೆಟ್‌ವರ್ತ್ ಬೀದಿಗಳಲ್ಲಿ ಮನೆಗಳು ಭುಜಕ್ಕೆ ಭುಜ ಕೊಟ್ಟು ನಿಂತಿರುತ್ತವೆ, ಎರಡು ಮನೆಗಳ ನಡುವೆ ಒಂದೇ ಗೋಡೆ. ಸಾಲಿನ ಕೊನೆಯ ಮನೆ ಅವರದು, ಅದರ ಪಕ್ಕದ್ದು ನಾವು ನಾಲ್ವರು ಬಾಡಿಗೆಗೆ ಹಿಡಿದದ್ದು. ಮೂವರದು ಒಂದು ಬ್ಯಾಂಡು. ಹಾಡುವವಳು ಡೇನಾ, ಡ್ರಮ್ ನೀಲ್‌ದು. ಬೇಸ್ ಗಿಟಾರಿನವನು ಮಾತು ಕಡಿಮೆಯವ, ಈ ಕಥೆಯಲ್ಲೂ ಅವನು ಮಾತಾಡುವುದಿಲ್ಲ. ನಾನು ಭೌತಶಾಸ್ತ್ರ ಓದಿಕೊಂಡು ಟೇಪ್ ಯಂತ್ರ ನೋಡಿಕೊಳ್ಳುತ್ತಿದ್ದವನು.

ಬ್ಯಾಂಡಿನ ಹಾಡು ಕಿರುಚಾಟದಿಂದ ಶುರುವಾಗಿ, ನಡುವೆ ಥಟ್ಟನೆ ಪಿಸುಮಾತಿಗೆ ಇಳಿದು, ಮತ್ತೆ ಸಿಡಿಯುತ್ತಿತ್ತು. ಹಾರ್ಡ್‌ಕೋರ್ ಎಂಬ ಅಬ್ಬರದ ರಾಕ್ ಸಂಗೀತದಲ್ಲಿ ಬೆಳೆದು, ಅದು ಸಾಲದೆ ಹೋದವರು ಹುಡುಕಿಕೊಂಡ ದಾರಿ. ಪತ್ರಿಕೆಯವರು ಅದನ್ನು ಪೋಸ್ಟ್-ಹಾರ್ಡ್‌ಕೋರ್ ಎಂದರು. ನಾವು ಅದಕ್ಕೆ ಹೆಸರಿಟ್ಟಿರಲಿಲ್ಲ.

ಮನೆ ಹಿಡಿದ ಮೊದಲ ವಾರ ನೆಲಮಾಳಿಗೆಯಲ್ಲಿ ಅಭ್ಯಾಸ ನಡೆದಾಗ ಗೋಡೆಯ ಮೇಲೆ ಪಟಪಟನೆ ಮೂರು ಏಟು ಬಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎಪ್ಪತ್ತರ ವಯಸ್ಸಿನ, ಎತ್ತರದ ಮನುಷ್ಯ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹುರಿದ ಮೀನಿನ ತಟ್ಟೆ.

"ತಗೊಳ್ಳಿ ಮಕ್ಕಳಾ, ತಿನ್ನಿ."

"ನಾವು ಮೀನು ಮಾಂಸ ತಿನ್ನಲ್ಲ ಸಾರ್," ಎಂದಳು ಡೇನಾ.

"ಹಂಗಾದ್ರೆ ಬಿಯರ್ ಕಳಿಸ್ಲಾ?"

"ಕುಡಿಯಲ್ಲ."

"ಸಿಗರೇಟು?"

"ಅದೂ ಇಲ್ಲ."

ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಪಾಪಾನೇ ಮಾಡ್ದೆ ಇಷ್ಟು ಕಿರುಚ್ತೀರಲ್ರಪ್ಪಾ. ಮಾಡಿದ್ರೆ ಏನ್ ಗತಿ?" ಆಮೇಲೆ ಕೇಳಿದರು, "ಡ್ರಮ್ ಯಾರದು?"

"ನಂದು," ಎಂದ ನೀಲ್.

"ಯಾರಾದ್ರೂ ಅಟ್ಟಿಸ್ಕೊಂಡ್ ಬರ್ತಿದಾರಾ ನಿನ್ನ?"

ಅವರು ಶಾಲೆಯ ಕೆಡೆಟ್ ಮೆರವಣಿಗೆಯಲ್ಲಿ ದೊಡ್ಡ ಡ್ರಮ್ ಹೊತ್ತು ನಡೆದವರು, ಆಮೇಲೆ ಮೂವತ್ತು ವರ್ಷ ಜಾರ್ಜಿಯಾ ಅವೆನ್ಯೂದ ಬಸ್ಸು ಓಡಿಸಿದವರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. "ಬಸ್ಸು ತಡವಾದ್ರೆ ಜನ ಬೈತಾರೆ ಅಷ್ಟೆ," ಎಂದು ನೀಲ್‌ಗೆ ಹೇಳುತ್ತಿದ್ದರು. "ಬೇಗ ಬಂದ್ರೆ ಜನಾನೇ ಬಿಟ್ಟು ಹೋಗ್ತೀಯ. ಬೇಗ ಬರೋದೇ ದೊಡ್ಡ ತಪ್ಪು ಮರೀ."

ನೀಲ್ ಪ್ರತಿ ಹಾಡಿನಲ್ಲೂ ಜನರನ್ನು ಬಿಟ್ಟು ಹೋಗುವವನೇ. ಟಕಟಕನೆ ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಳ್ಳೋಣವೆಂದರೆ ಡೇನಾ ಒಪ್ಪುತ್ತಿರಲಿಲ್ಲ, ಅದು ಕಾರ್ಖಾನೆಯವರ ಯಂತ್ರವಂತೆ. ಆದರೆ ಗೋಡೆಯ ಬಗ್ಗೆ ಅವಳ ತಕರಾರಿರಲಿಲ್ಲ. ನೀಲ್ ಓಡತೊಡಗಿದರೆ ಗೋಡೆಯಾಚೆಯಿಂದ ಊರುಗೋಲಿನ ಏಟು ಬೀಳುತ್ತಿತ್ತು, ನಿಧಾನವಾಗಿ, ಸಮವಾಗಿ. ನಾಲ್ಕನೆಯದು ಮಾತ್ರ ಕೂದಲೆಳೆಯಷ್ಟು ತಡ. ಬೈಗುಳದ ಏಟು ಬೇರೆ, ತಾಳದ ಏಟು ಬೇರೆ. ಎರಡನ್ನೂ ಗುರುತಿಸಲು ಕಲಿತೆವು.

ಆಗಸ್ಟಿನಲ್ಲಿ ಆಲ್ಬಮ್ಮಿನ ಧ್ವನಿಮುದ್ರಣ ಅದೇ ನೆಲಮಾಳಿಗೆಯಲ್ಲಿ ನಡೆಯಿತು. ಉಳಿದದ್ದು ಕೊನೆಯ ಹಾಡು, ಎಲ್ಲಕ್ಕಿಂತ ಉದ್ದದ್ದು. ಎರಡು ದಿನ ಅದು ಕೈಗೆ ಹತ್ತಲಿಲ್ಲ. ಭಾನುವಾರ ಮಧ್ಯಾಹ್ನ, ಎಲ್ಲರೂ ಬೆವರಿನಲ್ಲಿ ಕೂತಿದ್ದಾಗ, ಗೋಡೆ ತಾನಾಗಿ ತಾಳ ಹಾಕತೊಡಗಿತು. ಯಾರೂ ಇನ್ನೂ ನುಡಿಸಲು ಶುರುಮಾಡಿರಲಿಲ್ಲ. ನಾನು ಟೇಪ್ ಓಡಿಸಿದೆ. ನೀಲ್ ತಲೆ ಬಗ್ಗಿಸಿ ಆ ಏಟುಗಳ ಮೇಲೆ ಹೆಜ್ಜೆಯಿಟ್ಟ. ಹಾಡು ಮೊದಲಿಂದ ಕೊನೆಯವರೆಗೂ ಒಂದೇ ಸಲಕ್ಕೆ ಕೂತಿತು. ಅದು ಮುಗಿದ ಮೇಲೂ ಗೋಡೆ ಸ್ವಲ್ಪ ಹೊತ್ತು ಬಡಿಯುತ್ತಲೇ ಇದ್ದು, ನಿಂತಿತು.

"ಥ್ಯಾಂಕ್ಸ್ ಸಾರ್," ಎಂದು ನೀಲ್ ಗೋಡೆಗೆ ಕೂಗಿದ. ಉತ್ತರ ಬರಲಿಲ್ಲ.

ಮಂಗಳವಾರ ಅಂಚೆಯವನು ಕಾಗದಗಳನ್ನು ಕೈಗೆ ಕೊಡುತ್ತ, "ಪಕ್ಕದ ಮುದುಕಪ್ಪ ಭಾನುವಾರ ಹೋಗ್ಬಿಟ್ರಂತೆ," ಎಂದ. ಅವನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ನೀಲ್ ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ನಮಗೆಲ್ಲ ತಿಳಿಯಿತು. ಒಂಟಿ ಮುದುಕ ಗೋಡೆ ಬಡಿದು ಕರೆದಿದ್ದಾನೆ. ನಾವು ತಾಳವೆಂದುಕೊಂಡು ಅದಕ್ಕೆ ಹಾಡು ನುಡಿಸಿದ್ದೇವೆ, ಮೇಲಿಂದ ಥ್ಯಾಂಕ್ಸ್ ಬೇರೆ ಹೇಳಿದ್ದೇವೆ.

"ಅದು ತಾಳಾನೇ ಕಣೋ," ಎಂದಳು ಡೇನಾ. "ಕರೆಯೋರು ಅಷ್ಟು ನಿಧಾನ ಬಡೀತಾರಾ?"

"ಶಕ್ತಿ ಇಲ್ದಿದ್ರೆ ನಿಧಾನಾನೇ ಬಡೀತಾರೆ," ಎಂದ ನೀಲ್.

ಅಂತ್ಯಸಂಸ್ಕಾರದ ದಿನ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು, ಯಾರನ್ನೂ ಮಾತಾಡಿಸದೆ ಬಂದೆವು. ನೀಲ್ ಡ್ರಮ್ಮಿಗೆ ಬೆಡ್‌ಶೀಟು ಹೊದಿಸಿದ. ಆ ಏಟು ಯಾವುದೆಂದು ತಿಳಿಯುವವರೆಗೆ ಆಲ್ಬಮ್ ಹೊರಗೆ ಹೋಗಕೂಡದು ಎಂದ. ಮುಂದಿನ ವಾರ ಬ್ರಾಡ್ನಾಕ್ಸ್ ಅವರ ಅಣ್ಣನ ಮಗಳು ಶಾರ್ಲಿನ್ ಮನೆ ಖಾಲಿಮಾಡಲು ಬಂದಾಗ ಅವನೇ ಹೋಗಿ ಕರೆತಂದ. ಆಕೆ ಐವತ್ತು ದಾಟಿದವರು, ಶಾಲೆಯೊಂದರಲ್ಲಿ ಅಡುಗೆಯವರು.

"ಒಂದು ಕೇಳಿಸ್ತೀನಿ ಅಮ್ಮಾ. ನಂದು ತಪ್ಪಿದ್ರೆ ನೇರ ಹೇಳ್ಬಿಡಿ," ಎಂದ.

ನಾನು ಟೇಪ್ ಹಾಕಿದೆ. ಡೇನಾಳ ಕಿರುಚಾಟಕ್ಕೆ ಶಾರ್ಲಿನ್ ಮುಖ ಕಿವುಚಿದರು. ಹಾಡು ಪಿಸುಮಾತಿಗೆ ಇಳಿದಾಗ ಏಟುಗಳು ಸ್ಪಷ್ಟವಾದವು. ಆಕೆಯ ಕೈ ಚೀಲದ ಹಿಡಿಯ ಮೇಲೆ ಬಿಗಿಯಾಯಿತು.

"ಇದು ಯಾವತ್ತಿಂದು?"

"ಅವರು ಹೋದ ಭಾನುವಾರದ್ದು. ಮಧ್ಯಾಹ್ನ."

"ನಾಲ್ಕನೇದು ತಡ ಬೀಳ್ತಿದೆ," ಎಂದರು. "ಅಡುಗೆಮನೇಲಿ ಮೇಜಿನ ಮೇಲೂ ಹಿಂಗೇ ಬಡಿಯೋನು. ಚಿಕ್ಕಪ್ಪಂದೇ ಇದು." ನೀಲ್ ಕಡೆ ತಿರುಗಿ, "ಮಗಾ, ಗುರುವಾರಾನೇ ಅವನ್ನ ಆಸ್ಪತ್ರೆಗೆ ಸೇರ್ಸಿದ್ದೆ. ಭಾನುವಾರ ಬೆಳಗಾಗೋ ಮುಂಚೆ ಜೀವ ಹೋಯ್ತು, ನನ್ ಕೈ ಹಿಡ್ಕೊಂಡೇ ಹೋದ. ಈ ಮನೆಗೆ ಬೀಗ ಹಾಕಿದ್ದು ನಾನು. ಬೀಗದಕೈ ಇದರಲ್ಲೇ ಇತ್ತು," ಎಂದು ಚೀಲ ತಟ್ಟಿದರು.

ನೀಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹೊತ್ತ ಭಾರ ಇಳಿದ ಹಾಗೆ ಅವನ ಬೆನ್ನು ಸಡಿಲಾದದ್ದು ಕಂಡಿತು. ಮರುಕ್ಷಣ ಅವನು ತಲೆಯೆತ್ತಿ ಗೋಡೆ ನೋಡಿದ. ನಾವೆಲ್ಲರೂ ನೋಡಿದೆವು.

ನನಗೆ ಗೊತ್ತಿದ್ದ ಕಾರಣಗಳನ್ನೆಲ್ಲ ತಡಕಿದೆ. ಮನೆ ಕಾಯಿಸುವ ಬಿಸಿನೀರಿನ ಕೊಳವೆಗಳು ಬಡಿಯುವುದುಂಟು, ಆದರೆ ಬಾಯ್ಲರಿಗೆ ಏಪ್ರಿಲಿನಿಂದ ಬೆಂಕಿಯಿರಲಿಲ್ಲ. ನೀರನ್ನು ಶಾರ್ಲಿನ್ ಗುರುವಾರವೇ ನಿಲ್ಲಿಸಿದ್ದರು. ಅವರ ಮನೆಯ ಆಚೆ ಇನ್ನೊಂದು ಮನೆಯಿಲ್ಲ, ಬೀದಿಯ ಮೂಲೆ. ಬೀಗ ತೆಗೆಸಿ ಅವರ ನೆಲಮಾಳಿಗೆಗೆ ಇಳಿದು ನೋಡಿದೆ. ಗೋಡೆಗೆ ಮುಖಮಾಡಿ ಒಂದು ಮರದ ಕುರ್ಚಿ, ಅದರ ಎದುರು ಗಾರೆ ಅಂಗೈಯಗಲ ಸವೆದು ಇಟ್ಟಿಗೆ ಕಂಡಿತ್ತು. ಊರುಗೋಲಿಗಾಗಿ ಹುಡುಕಿದೆ.

"ಅದು ಆಸ್ಪತ್ರೆಗೆ ಅವನ ಜೊತೇಲೇ ಬಂದಿತ್ತು," ಎಂದರು ಶಾರ್ಲಿನ್ ಮೆಟ್ಟಿಲ ಮೇಲಿಂದ. ಆಕೆ ಕೆಳಗಿಳಿಯಲಿಲ್ಲ.

ಮತ್ತೆ ನಮ್ಮ ಮನೆಗೆ ಬಂದು ಕೂತಾಗ ಆಕೆಯ ದನಿ ಗಟ್ಟಿಯಾಗಿತ್ತು. "ಇದನ್ನ ಅಳಿಸ್ಬಿಡಿ."

"ನಾವು ಮಾಡಿರೋದ್ರಲ್ಲಿ ಇದೇ ಒಳ್ಳೇ ಹಾಡು," ಎಂದಳು ಡೇನಾ ಮೆಲ್ಲಗೆ.

"ಇರ್ಬಹುದಮ್ಮಾ. ಮೂವತ್ತು ವರ್ಷ ಊರೋರ್ನೆಲ್ಲ ಹೊತ್ಕೊಂಡ್ ತಿರುಗ್ದ. ಸತ್ತ ದಿನಾನೂ ದುಡಿಸ್ಕೊಂಡ್ರಿ. ಜನ ಈ ರೆಕಾರ್ಡ್ ಹಾಕ್ದಾಗೆಲ್ಲ ಅವನು ಎದ್ದು ಬಂದು ತಾಳ ಹಾಕ್ಬೇಕಾ? ಮಲಗ್ಲಿ ಬಿಡಿ."

ಏಟುಗಳನ್ನಷ್ಟೇ ತೆಗೆಯಲು ಬರುತ್ತಿರಲಿಲ್ಲ, ಡ್ರಮ್ಮಿನ ಎಲ್ಲ ಮೈಕುಗಳೂ ಅವನ್ನು ಹಿಡಿದಿದ್ದವು. ನೀಲ್ ಎದ್ದು ಹೋಗಿ ಬೆಡ್‌ಶೀಟು ತೆಗೆದ. "ಆ ಟೇಪಿನ ಮೇಲೇ ಮತ್ತೆ ನುಡಿಸ್ತೀನಿ, ಹಳೇದು ಅಳಿದೋಗುತ್ತೆ. ಮಲಗ್ಲಿ ಅವರು."

ಮಾರನೆಯ ದಿನ ಅದೇ ಟೇಪನ್ನು ಹಿಂದಕ್ಕೆ ಸುತ್ತಿ ಮುದ್ರಣಕ್ಕೆ ಓಡಿಸಿದೆ. ನೀಲ್ ಕೋಲುಗಳನ್ನು ಮಡಿಲಲ್ಲಿಟ್ಟು ಕೂತ. ಅವನು ಕಾಯುತ್ತಿದ್ದಾನೆಂದು ತಿಳಿಯಿತು, ಗೋಡೆ ಸುಮ್ಮನಿರಲಿ ಎಂದೋ ಸುಮ್ಮನಿರದಿರಲಿ ಎಂದೋ ತಿಳಿಯಲಿಲ್ಲ. ಟೇಪು ಸುಮ್ಮನೆ ಸರಿಯುತ್ತ ಹಳೆಯದನ್ನು ಅಳಿಸುತ್ತಿತ್ತು. ಕಡೆಗೆ ತಾನೇ ಕೋಲಿಗೆ ಕೋಲು ತಟ್ಟಿ ಎಣಿಸಿ ಶುರುಮಾಡಿದ. ಎರಡು ಕಡೆ ತಡವರಿಸಿದ, ಒಂದು ಕಡೆ ಓಡಿದ. ಆಲ್ಬಮ್ಮಿನಲ್ಲಿರುವುದು ಅದೇ.

ನವೆಂಬರಿನಲ್ಲಿ ಅಡುಗೆಮನೆಯ ಮೇಜಿನ ಸುತ್ತ ಸ್ನೇಹಿತರೆಲ್ಲ ಕೂತು ರೆಕಾರ್ಡಿನ ಹೊದಿಕೆಗಳನ್ನು ಮಡಿಚಿ ಅಂಟಿಸಿದೆವು. ಬಿಡುಗಡೆ ಚರ್ಚೊಂದರ ನೆಲಮಾಳಿಗೆಯ ಸಭಾಂಗಣದಲ್ಲಿ. ಶಾರ್ಲಿನ್ ಕೋಟು ತೆಗೆಯದೆ, ಕಿವಿಗೆ ಹತ್ತಿ ತುರುಕಿಕೊಂಡು ಹಿಂದೆ ನಿಂತಿದ್ದರು. ಕೊನೆಯ ಹಾಡು ಶುರುವಾದಾಗ ವೇದಿಕೆಗೆ ಬೆನ್ನು ತಿರುಗಿಸಿ, ಗೋಡೆಗೆ ಅಂಗೈ ಒತ್ತಿ, ಹಾಡು ಮುಗಿಯುವವರೆಗೆ ಹಾಗೆಯೇ ನಿಂತರು. ಪಕ್ಕದ ಹುಡುಗರು ಅವರನ್ನು ನೋಡಿ ಸ್ವಲ್ಪ ಸರಿದರು.

ಆಮೇಲೆ ನೀಲ್ ಬೆವರೊರೆಸಿಕೊಳ್ಳುತ್ತ ಬಂದು ಎದುರು ನಿಂತ.

"ನೀನೊಬ್ಬನೇ ಇದ್ದೆ," ಎಂದರು ಆಕೆ. "ಗೋಡೆ ಮುಟ್ಟಿ ಚೆನ್ನಾಗಿ ನೋಡ್ದೆ."

ನೀಲ್ ತಲೆಯಾಡಿಸಿದ. ಅವನ ಮುಖದಲ್ಲಿದ್ದದ್ದು ಸಮಾಧಾನವೋ ಬೇರೆಯೋ ನನಗೆ ಹೇಳಲಾಗದು. ಅವನು ಶಾರ್ಲಿನ್‌ರ ತೋಳು ಹಿಡಿದು ಮೆಟ್ಟಿಲು ಹತ್ತಿಸುತ್ತ ಕರೆದೊಯ್ದ, ಆಕೆಯ ಹೆಜ್ಜೆಗೆ ಹೆಜ್ಜೆ ಸೇರಿಸಿ, ಬಹಳ ನಿಧಾನವಾಗಿ.