ಅಮಾವಾಸ್ಯೆಯ ತಪಾಸಣೆ

ಹೋದ ವಾರ ಹುನಗುಂದದ ರಸ್ತೆಯಲ್ಲಿ ಚರಂಡಿ ಅಗೆಯುತ್ತಿದ್ದ ಯಂತ್ರವೊಂದರ ಪೈಪು ಒಡೆದು ಎಣ್ಣೆ ಸುರಿಯಿತು. ಕಾದ ಹೈಡ್ರಾಲಿಕ್ ಎಣ್ಣೆಗೆ ಒಂದು ಸುಟ್ಟ ವಾಸನೆ ಇರುತ್ತದೆ. ರಸ್ತೆ ದಾಟಲು ಹೊರಟವನು ಅಲ್ಲೇ ನಿಂತುಬಿಟ್ಟೆ. ಆ ಡ್ರೈವರ್ ನೆನಪಾದ...

ಎಂಬತ್ತರ ದಶಕದಲ್ಲಿ ಇಳಕಲ್ಲಿನ ಹೊರಗೆ ಒಂದು ಕೆಂಪು ಕಲ್ಲಿನ ಕ್ವಾರಿಯಲ್ಲಿ ನಾನು ಮಿಸ್ತ್ರಿಯಾಗಿದ್ದೆ. ಅಲ್ಲಿ ಮುಂದಿನ ಬಕೆಟ್ಟಿನಲ್ಲಿ ಕಲ್ಲು ಎತ್ತಿ ಸಾಗಿಸುವ ಒಂದು ಸಣ್ಣ ಲೋಡರ್ ಇತ್ತು. ಪರದೇಶದ್ದು, ಬಳಸಿದ್ದನ್ನು ತಂದದ್ದು. ಅದಕ್ಕೆ ಸ್ಟೇರಿಂಗ್ ಚಕ್ರ ಇರಲಿಲ್ಲ, ಎರಡು ಲಿವರ್ ಇದ್ದವು. ಎಡಗೈಯದು ಎಡಗಡೆಯ ಗಾಲಿಗಳಿಗೆ, ಬಲಗೈಯದು ಬಲಗಡೆಯವಕ್ಕೆ. ಗಾಲಿ ತಿರುಗಿಸುವ ಎಣ್ಣೆಯನ್ನು ಒತ್ತಲು ಎರಡೂ ಕಡೆಗೆ ಬೇರೆ ಬೇರೆ ಪಂಪು. ಬಲಗಡೆಯ ಗಾಲಿಗಳು ಜೋರಾಗಿ ಓಡಿದರೆ ಯಂತ್ರ ಎಡಕ್ಕೆ ತಿರುಗಬೇಕು.

ಅದನ್ನು ಓಡಿಸುತ್ತಿದ್ದವನು ಕೆರೂರ ಕಡೆಯ ಕುರಿಗಾರರ ಮನೆಯವನು, ನನಗಿಂತ ಐದಾರು ವರ್ಷ ದೊಡ್ಡವನು. ಹಣೆಗೆ ಭಂಡಾರದ ಅರಿಶಿನ ಹಚ್ಚದೆ ಸೀಟಿಗೆ ಏರುತ್ತಿರಲಿಲ್ಲ. ನಮ್ಮಿಬ್ಬರಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ನಾನು ಗ್ರೀಸ್ ಹಾಕಿದ ಜಾಗಕ್ಕೆ ಅವನು ಮತ್ತೆ ಬೆರಳಿಟ್ಟು ನೋಡುತ್ತಿದ್ದ. ಅದನ್ನು ಸಹಿಸಲು ನನಗೆ ಆಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವನದು ಒಂದೇ ದೂರು. “ಮಧ್ಯಾಹ್ನ ಆತಂದ್ರ ಎಡಕ್ಕ ಹೊಳ್ಳವಲ್ದು. ಬಲಗಡಿ ಗಾಲಿಗೆ ಕಸುವಿಲ್ಲ.”

ನಮ್ಮಲ್ಲಿ ಯಂತ್ರ ನಿಲ್ಲುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಅಂದು ಅದನ್ನು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸುತ್ತಿದ್ದೆವು. ದುರಸ್ತಿ, ತಪಾಸಣೆ ಏನಿದ್ದರೂ ಅಂದೇ. ಆದರೆ ದುಡಿಸುವಂತಿರಲಿಲ್ಲ. ಎತ್ತಿನ ಹೆಗಲಿಗೂ ಅಂದು ನೊಗ ಇಡುವುದಿಲ್ಲವಲ್ಲ. ಆ ಸಲದ ಅಮಾವಾಸ್ಯೆಯಂದು ಪೂಜೆ ಮುಗಿದ ಮೇಲೆ ನಾನೇ ಹತ್ತಿ ಎಡಕ್ಕೆ ನಾಲ್ಕು ಸುತ್ತು, ಬಲಕ್ಕೆ ನಾಲ್ಕು ಸುತ್ತು ತಿರುಗಿಸಿದೆ. ಬುಗುರಿಯಂತೆ ತಿರುಗಿತು. ಎಣ್ಣೆಯ ಮಟ್ಟ, ಫಿಲ್ಟರ್, ಲಿವರಿನ ಸರಳು, ಗಾಲಿಯ ಗಾಳಿ... ಎಲ್ಲ ಸರಿಯಿತ್ತು.

“ತಣ್ಣಗಿದ್ದಾಗ ಹೊಳ್ಳೇ ಹೊಳ್ಳತೈತಿ. ಎರಡು ತಾಸು ದುಡಿಸಿ, ಕಾಸಿ ನೋಡು” ಎಂದ ಡ್ರೈವರ್.

“ಅಮಾಸಿ ದಿನಾ ದುಡಸ್ತಾರೇನಲೇ?” ಎಂದರು ಕ್ವಾರಿಯ ಸಾಹುಕಾರರು.

“ಹಂಗಾರ ನಾಳಿ ಮಧ್ಯಾಹ್ನ ಬಾ, ಮಿಸ್ತ್ರಿ.”

“ಇದು ಕುರಿ ಅಲ್ಲಲೇ, ಹುಶ್ ಅಂದ್ರ ಹೊಳ್ಳಾಕ” ಎಂದೆ ನಾನು. “ಯಂತ್ರಕ್ಕೇನಾಗಿಲ್ಲ. ನಿನ್ನ ಕೈಯಾಗ ಕಸುವಿಲ್ಲ.”

ನಿಂತವರೆಲ್ಲ ನಕ್ಕರು.

“ನಗ್ರಿ” ಎಂದ. “ಗಣಿ ದಂಡಿ ಮ್ಯಾಲ ಕುಂತು ಓಡಸಾಂವ ನಾ, ನೀವಲ್ಲ.”

ಯಂತ್ರದ ಪುಸ್ತಕದಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಸಹಿ ಹಾಕಿದೆ. ಮರುದಿನ ಮಧ್ಯಾಹ್ನ ಅವನು ನನ್ನ ತಗಡಿನ ಶೆಡ್ಡಿಗೆ ಬಂದು ಕರೆದ. ನಾನು ರೊಟ್ಟಿ ತಿನ್ನುತ್ತಿದ್ದೆ, ತಲೆ ಎತ್ತಲಿಲ್ಲ. ಅದರ ಮರುದಿನವೂ ಬಂದ. ಆಗಲೂ ಏಳಲಿಲ್ಲ...

ಐದನೆಯ ದಿನ ಅದೇ ಹೊತ್ತಿಗೆ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಅವನು ಬಕೆಟ್ಟಿನ ತುಂಬ ಕಲ್ಲು ಹೊತ್ತು ಗಣಿಯ ದಂಡೆಯುದ್ದಕ್ಕೂ ಬರುತ್ತಿದ್ದ. ಅವನ ಬಲಗಡೆ ಆಳ. ಯಂತ್ರದ ಮೂತಿ ಸ್ವಲ್ಪ ಸ್ವಲ್ಪವೇ ಬಲಕ್ಕೆ ಎಳೆಯುತ್ತಿತ್ತು. ಅವನು ಬಲ ಲಿವರನ್ನು ಪೂರ್ತಿ ಮುಂದೊತ್ತಿದ್ದು ನನಗೆ ಕಂಡಿತು. ಆದರೂ ಆ ಕಡೆಯ ಗಾಲಿಗಳು ತೆವಳುತ್ತಲೇ ಇದ್ದವು. ಚೂರುಕಲ್ಲು ಜಾರಿತು. ಯಂತ್ರ ಮಗುಚಿ ಆಳೆತ್ತರ ಕೆಳಗೆ ಬಿತ್ತು.

ಅವನ ಸೊಂಟ ಮುರಿಯಿತು. ಸಾಹುಕಾರರು ಪುಸ್ತಕ ತೆರೆದು ನನ್ನ ಬರಹವನ್ನು ಎಲ್ಲರಿಗೂ ತೋರಿಸಿದರು. “ಮಿಸ್ತ್ರಿ ಬರದಾನ ನೋಡ್ರಿ. ತಪ್ಪು ಡ್ರೈವರಂದ.”

ಯಂತ್ರವನ್ನು ಎತ್ತಿ ತಂದರು. ಎಂಜಿನ್ ಇನ್ನೂ ನಡೆಯುತ್ತಿತ್ತು. ಬಕೆಟ್ಟಿಗೆ ಕಲ್ಲು ತುಂಬಿ, ಬಯಲಿನಲ್ಲಿ ಎರಡು ತಾಸು ಓಡಿಸಿದೆ. ಎಣ್ಣೆ ಕಾಯಿತು. ಎಡಕ್ಕೆ ತಿರುಗಲಿಲ್ಲ. ಎಂಜಿನ್ ನಿಲ್ಲಿಸಿ ಎರಡು ಪಂಪುಗಳ ಪೈಪುಗಳನ್ನು ಅದಲುಬದಲು ಮಾಡಿದೆ. ಈಗ ಬಲಗಡೆಯ ಗಾಲಿಗಳು ಜೋರಾಗಿ ಓಡಿದವು, ಎಡಗಡೆಯವು ಸೋತವು. ಗಾಲಿಯ ಮೋಟಾರು ಕೆಟ್ಟಿದ್ದರೆ ದೋಷ ಇದ್ದಲ್ಲೇ ಇರುತ್ತಿತ್ತು. ಪೈಪಿನ ಜೊತೆ ಆಚೆ ಕಡೆಗೆ ಹೋಯಿತೆಂದರೆ ಪಂಪೇ ಸವೆದಿದೆ. ತಣ್ಣಗಿದ್ದಾಗ ಎಣ್ಣೆ ದಪ್ಪಗಿದ್ದು ಆ ಸವೆತವನ್ನು ಮುಚ್ಚಿಡುತ್ತಿತ್ತು, ಕಾದು ತೆಳುವಾದರೆ ಸವೆದ ಸಂದಿನಲ್ಲಿ ಸೋರಿ ಒತ್ತಡ ಇಳಿಯುತ್ತಿತ್ತು. ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ.

ಸಾಹುಕಾರರಿಗೆ ಹೇಳಿದೆ. “ಪಂಪ್ ಬದಲ್ ಮಾಡು, ಬಾಯಿ ಮುಚ್ಚು. ಬರದಾಂವ ನೀನ ಅದಿ” ಎಂದರು.

ಬಾಗಲಕೋಟೆಯ ದವಾಖಾನೆಗೆ ಅವನನ್ನು ನೋಡಲು ಹೋದೆ. ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ.

“ಮಿಸ್ತ್ರಿ, ಕಾಸಿ ನೋಡಿದೇನು?”

“ನೋಡೀನಿ” ಎಂದೆ. “ಯಂತ್ರಕ್ಕೇನಾಗಿಲ್ಲ.”

ಅವನು ಬಲಗೈಯನ್ನು ಮುಖದ ಮುಂದೆ ತಂದು ಬೆರಳು ಮಡಚಿದ, ಬಿಚ್ಚಿದ. ಬಹಳ ಹೊತ್ತು ನೋಡಿಕೊಂಡ. “ಹಂಗಾರ ನೀ ಅಂದದ್ದ ಖರೆ” ಎಂದ.

ಎಷ್ಟೋ ವರ್ಷಗಳ ಮೇಲೆ ಕೆರೂರ ಸಂತೆಯಲ್ಲಿ ಅವನ ಊರಿನವರೊಬ್ಬರು ಸಿಕ್ಕರು. ಅವನು ತೀರಿಕೊಂಡಿದ್ದ. ಮೊಮ್ಮಗನನ್ನು ಎತ್ತಿಕೊಳ್ಳಲು ಕೊಟ್ಟರೆ, “ಕೆಳಗ ಮಲಗಸ್ರಿ, ನನ್ನ ಬಲಗೈ ನಂಬಬ್ಯಾಡ್ರಿ” ಅನ್ನುತ್ತಿದ್ದನಂತೆ...

ಈಗ ನನಗೆ ಎಪ್ಪತ್ತು ದಾಟಿದೆ. ಬಲಗಡೆಯ ಪಂಪು ಸವೆದಿತ್ತು. ಅವನ ಕೈ ಸರಿಯಿತ್ತು. ಇದನ್ನು ಕೇಳಬೇಕಾದವನು ಇಲ್ಲ.