ಒಂದು ಬೊಗಸೆ ತುಂಬೆ ಕದ್ದ ಅಪರಾಧ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ವಸಂತಕ್ಕ ಕಳ್ಳತನದಲ್ಲಿ ಸಿಕ್ಕಿಬಿದ್ದರು. ಕದ್ದ ಮಾಲು? ಒಂದು ಬೊಗಸೆ ತುಂಬೆ ಹೂ.

ವಸಂತಕ್ಕ ಕುಂದಾಪುರದವರು. ಗಂಡನ ಜೊತೆ ದಿಲ್ಲಿಯ ಮುನಿರ್ಕಾದಲ್ಲಿ ಪುಟ್ಟ ಹೋಟೆಲ್ ನಡೆಸುತ್ತಾರೆ. (ನನ್ನ ಭಾನುವಾರದ ದೋಸೆ ಅಲ್ಲೇ.) ಮಳೆ ಮುಗಿಯುವ ಹೊತ್ತಿಗೆ ಹತ್ತಿರದ ರಿಡ್ಜ್ ಗುಡ್ಡದ ಕಾಡಿನ ಅಂಚಿನ ಕಲ್ಲು ಇಳಿಜಾರಿನ ತುಂಬ ತುಂಬೆ. ಸೋಮವಾರದ ಪೂಜೆಗೆಂದು ಅವರು ಬಿಡಿಸಲು ಹೊರಟರೆ ನಾನೂ ಜೊತೆಗೆ ಹೋಗುತ್ತೇನೆ. ಊರಿನದಕ್ಕಿಂತ ಇಲ್ಲಿಯದು ಗುಂಡು ಗುಂಡು. “ಪರಾಠ ತಿಂದ ತುಂಬೆ ಮಾರಾಯ್ರೆ!” ಅನ್ನುತ್ತಾರೆ.

ಆವತ್ತು ಅಲ್ಲಿನ ಗಾರ್ಡ್ ಸೀಟಿ ಊದಿದ. “ಆಂಟೀಜಿ, ಫೂಲ್ ತೋಡ್ನಾ ಮನಾ ಹೈ!” ಹೂ ಕೀಳುವಂತಿಲ್ಲವಂತೆ. ಬೊಗಸೆಯಲ್ಲಿದ್ದದ್ದನ್ನೂ ನೆಲಕ್ಕೆ ಹಾಕಿಸಿದ. ಅಚ್ಛಾ, ರೂಲ್ ಅಂದರೆ ರೂಲ್.

ಅಷ್ಟರಲ್ಲಿ ಬುಲ್ಡೋಜರ್ ಬಂತು. ತುಂಬೆ, ಕಲ್ಲು, ಮಣ್ಣು ಎಲ್ಲವನ್ನೂ ಬಾಚತೊಡಗಿತು. ಗಾರ್ಡ್ ಅದಕ್ಕೆ ದಾರಿ ಬಿಟ್ಟು ನಿಂತ!

ನಾನು ಕೆಲಸ ಮಾಡಿಸುತ್ತಿದ್ದ ಸೂಪರ್‌ವೈಸರ್ ಬಳಿ ಓಡಿದೆ. “ಇದೇನು ಮಾಡ್ತಿದ್ದೀರಿ?”

“ಬ್ಯೂಟಿಫಿಕೇಶನ್ ಸರ್. ಇಂಟರ್‌ನ್ಯಾಷನಲ್ ಗೇಮ್ಸ್‌ಗೆ ಫಾರಿನ್‌ನವರು ಬರ್ತಾರಲ್ಲ? ಕಾರ್ಪೆಟ್ ಹುಲ್ಲು ಹಾಸ್ತೀವಿ, ಪೆಟೂನಿಯಾ ಹೂಗಿಡ ಹಾಕ್ತೀವಿ.”

“ಹೂ ಕೀಳಬಾರದು ಅಂದ್ರಲ್ಲ?”

“ಇದು ಹೂವಲ್ಲ ಸರ್. ಜಂಗ್ಲಿ ಘಾಸ್, ಬರೀ ಕಳೆ.”

“ಹಾಂಗಾರೆ ನಾನು ಕದ್ದದ್ದು ಎಂತ?” ವಸಂತಕ್ಕನ ಹಿಂದಿ ಅಲ್ಲಿಗೆ ಮುಗಿಯಿತು, ಕುಂದಾಪುರ ಶುರುವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ತುಂಬೆಗಳ ಮುಂದೆ ಕೂತೇಬಿಟ್ಟರು. ನಾನೂ ಕೂತೆ. ಡ್ರೈವರ್ ಇಂಜಿನ್ ಆಫ್ ಮಾಡಿ ಬೀಡಿ ಹಚ್ಚಿದ. ಗೆದ್ದೆವು ಅಂದುಕೊಂಡೆವು.

ಹೋಟೆಲಿಗೆ ಗಿರಾಕಿಗಳು ಬರುವ ಹೊತ್ತಾಯಿತು. ಎಷ್ಟೊತ್ತು ಅಂತ ಕೂರುವುದು? ಎದ್ದು ಬಂದೆವು. ಸಂಜೆ ಹೋಗಿ ನೋಡಿದರೆ ಇಡೀ ಇಳಿಜಾರು ಬೋಳು.

ತುಂಬೆ ಒಂದು ಮಳೆಗಾಲದ ಜೀವ. ಅದು ಒಣಗಬೇಕು, ಬೀಜ ಉದುರಬೇಕು, ಆಗಲೇ ಮುಂದಿನ ವರ್ಷ ಗಿಡ. ಬೀಜ ಬಲಿಯುವ ಮುಂಚೆಯೇ ಮಣ್ಣು ಸಮೇತ ಬಾಚಿ ಒಯ್ದರೆ? ಮಾಲಿಯನ್ನು ಕೇಳದೆ, ನೀರು ಬೇಡದೆ, ಕಲ್ಲಿನ ಸಂದಿಯಲ್ಲಿ ತಾನಾಗಿ ಅರಳಿದ್ದು ಕಳೆಯಂತೆ. ದಿನಾ ಟ್ಯಾಂಕರ್ ನೀರು ಕುಡಿಯುವುದು ಬ್ಯೂಟಿಯಂತೆ! (ನಮ್ಮ ಕಾಲೋನಿಯ ನಲ್ಲಿ ಬೇಸಿಗೆಯಿಡೀ ಕೆಮ್ಮುತ್ತಿತ್ತು, ಅದಿರಲಿ.)

ಅಲ್ಲಾ ಸ್ವಾಮಿ, ತಮ್ಮೂರಿನ ಬಾಲ್ಕನಿಯಲ್ಲೇ ಇರುವ ಪೆಟೂನಿಯಾ ನೋಡಲು ಯಾರಾದರೂ ವಿಮಾನ ಹತ್ತಿ ದಿಲ್ಲಿಗೆ ಬರುತ್ತಾರಾ?