ಜಲಾಂತರ್ಗಾಮಿಯ ಅಡಿಯಲ್ಲಿ ಝ್ವಾನೆ

ಬೆಳಗಿನ ಐದೂವರೆ. ನಮ್ಮ ಮಿತ್ರರಾದ ಜರ್ಮನ್ನರ ಜಲಾಂತರ್ಗಾಮಿಯೊಂದು ಪೋಲಾ ಬಂದರಿನ ನೌಕಾಂಗಣದ ಕಟ್ಟೆಗೆ ಕುಂಟುತ್ತಾ ಬಂದು ನಿಂತಿದೆ. ಅದರ ಸಂಖ್ಯೆ ಬರೆಯಲು ಪತ್ರಿಕೆಯವರಾದ ನಮಗೆ ಅನುಮತಿಯಿಲ್ಲ. ಶತ್ರುಗಳು ಕಡಲಲ್ಲಿ ಒಡ್ಡಿದ್ದ ಬಲೆಯ ಉಕ್ಕಿನ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡಿದೆ. ಮಧ್ಯಾಹ್ನಕ್ಕೆ ಮತ್ತೆ ಹೊರಡಬೇಕಂತೆ. ಹಗ್ಗ ಕತ್ತರಿಸಲು ಮುಳುಗುಗಾರ ಝ್ವಾನೆ ಪೆರುಷ್ಕೊ ಸಿದ್ಧರಾಗುತ್ತಿದ್ದಾರೆ.

ಅವರದೊಂದೇ ಷರತ್ತು: ತಾನು ಮೇಲೆ ಬರುವವರೆಗೆ ಜಲಾಂತರ್ಗಾಮಿಯ ಎಂಜಿನಿಯರ್ ಕಟ್ಟೆಯ ಮೇಲೆ, ಗಾಳಿಪಂಪಿನ ಪಕ್ಕದಲ್ಲೇ ನಿಂತಿರಬೇಕು. ಜರ್ಮನ್ ಕ್ಯಾಪ್ಟನ್ ಮುಖ ಗಂಟಿಕ್ಕಿ ಒಪ್ಪುತ್ತಾನೆ. ಏಳು ವರ್ಷದ ಹಿಂದೆ ಬೇರೊಂದು ಬಂದರಿನಲ್ಲಿ, ಕೆಳಗೆ ಜನ ಇರುವುದನ್ನು ಮರೆತು ಯಾರೋ ಮೋಟಾರು ತಿರುಗಿಸಿದ್ದರು. ಝ್ವಾನೆಯವರ ಜೊತೆಗಾರನ ಹೆಣವೂ ಪೂರ್ತಿ ಸಿಗಲಿಲ್ಲ.

ಬೆಸ್ತರ ಮನೆಯ ಇವರಿಗೀಗ ನಲವತ್ತಾರು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮೈಮೇಲೆ ಮುಳುಗುವ ಉಡುಪಿನ ಎಂಬತ್ತು ಕಿಲೋ ಸೀಸ, ತಾಮ್ರ. ದಿನಕ್ಕೆ ನಾಲ್ಕು ತಾಸು ನೀರೊಳಗೆ. ಎಡಗಿವಿ ಹೋಗಿದೆ. "ಒಳ್ಳೇದೇ ಆಯ್ತು. ಹೆಂಡ್ತಿ ಬೈಯುವಾಗ ಆ ಕಿವಿ ಕೊಡ್ತೀನಿ" ಎನ್ನುತ್ತಾರೆ.

ಝ್ವಾನೆ ನೀರಿಗಿಳಿಯುತ್ತಾರೆ. ಅವರ ಸೊಂಟಕ್ಕೆ ಕಟ್ಟಿದ ಸಂಕೇತದ ಹಗ್ಗವನ್ನು ಮೇಲೆ ಹಿಡಿದಿರುವುದು ಆ ಹೆಂಡತಿ ಫೂಮಾಳ ತಮ್ಮ ಬ್ಲಾಜ್. ಎರಡು ನಿಮಿಷಕ್ಕೊಮ್ಮೆ ಆತ ಹಗ್ಗ ಜಗ್ಗುತ್ತಾನೆ. ಕೆಳಗಿನಿಂದಲೂ ಒಮ್ಮೆ ಜಗ್ಗಿದರೆ ಕ್ಷೇಮ. ಏಳೂಕಾಲಿಗೆ ಉತ್ತರ ಬರುವುದಿಲ್ಲ. ಮತ್ತೆ ಜಗ್ಗುತ್ತಾನೆ. ಇಲ್ಲ. ಮೇಲಕ್ಕೆ ಎಳೆಯುವಂತೆ ಕ್ಯಾಪ್ಟನ್ ಗದರುತ್ತಾನೆ.

"ಗುಳ್ಳೆ ನೋಡಿ ಸ್ವಾಮಿ. ಒಂದೇ ಕಡೆ ಏಳ್ತಿಲ್ಲ, ಓಡಾಡ್ತಿದೆ. ಭಾವ ಕೆಲಸ ಮಾಡ್ತಿದಾರೆ. ಈಗ ಎಳೆದ್ರೆ ಗಾಳಿ ಕೊಳವೆ ಹರಿಯುತ್ತೆ" ಎನ್ನುವ ಬ್ಲಾಜ್ ನೀರಿನಿಂದ ಕಣ್ಣು ತೆಗೆಯುವುದಿಲ್ಲ. ಯಾರೂ ಹೇಳದೆಯೇ ಎಂಜಿನಿಯರ್ ಪಂಪಿನ ಹಿಡಿಗೆ ಕೈಹಾಕುತ್ತಾನೆ. ಒಂಬತ್ತು ನಿಮಿಷ ಹೀಗೇ ಕಳೆಯುತ್ತದೆ. ಆಮೇಲೆ ಹಗ್ಗ ಒಮ್ಮೆ ಅಲುಗುತ್ತದೆ.

ಝ್ವಾನೆ ಮೇಲೆ ಬಂದ ಮೇಲೆ ತಿಳಿಯುತ್ತದೆ: ಕತ್ತರಿಸಿದ ಉಕ್ಕಿನ ತುದಿ ಸಿಡಿದು, ಕೊಳವೆಯನ್ನೂ ಸಂಕೇತದ ಹಗ್ಗವನ್ನೂ ಪ್ರೊಪೆಲ್ಲರಿನ ಅಲಗಿಗೆ ಬಿಗಿದಿತ್ತಂತೆ. "ಇವನು ಗಾಬರಿಯಾಗಿ ಎಳೀದಿದ್ರೆ ಸಾಕಪ್ಪಾ ಅಂದ್ಕೊಂಡೆ. ಎಳೀಲಿಲ್ಲ" ಎಂದು ಝ್ವಾನೆ ಭಾಮೈದನ ಬೆನ್ನಿಗೊಂದು ಗುದ್ದುತ್ತಾರೆ. ಬ್ಲಾಜ್ ಸಂಕೇತದ ಹಗ್ಗ ಸುತ್ತಿಡತೊಡಗುತ್ತಾನೆ.

ಮಧ್ಯಾಹ್ನ ಜಲಾಂತರ್ಗಾಮಿ ಹೊರಟುಹೋಗುತ್ತದೆ. ನೀನು ಬಿಡಿಸಿ ಕಳಿಸಿದ್ದು ಯಾರ ಮಕ್ಕಳನ್ನು ಮುಳುಗಿಸುತ್ತದೋ ಎಂದು ಫೂಮಾ ಕೇಳುತ್ತಾಳಂತೆ. ಆ ಮಾತು ಮಾತ್ರ ಬಲಗಿವಿಗೇ ಬೀಳುತ್ತದೆ ಎನ್ನುತ್ತಾ ಝ್ವಾನೆ ಬ್ರೆಡ್ಡು ಮುರಿದು ಸಾರಿಗೆ ಅದ್ದುತ್ತಾರೆ.

ಯುದ್ಧ ಮುಗಿದ ಮೇಲೆ ಏನು ಮಾಡುವಿರಿ ಎಂದೆ.

"ಒಂದ್ಸಲ ಸುಮ್ನೆ ಇಳೀಬೇಕು. ಏನೂ ಕತ್ತರಿಸೋಕಲ್ಲ. ಇಷ್ಟು ವರ್ಷ ಈ ನೀರಲ್ಲಿದೀನಿ, ಒಂದು ಮೀನನ್ನೂ ನೆಟ್ಟಗೆ ನೋಡಿಲ್ಲ."